ಗಡ್ಡೆ ಎಂದ ಕೂಡಲೇ ಗರ್ಭಕೋಶ ತೆಗೆಸಬೇಕೆ?



ಹಸು ಬೆದೆಗೆ ಬಂದ ದಿನ ನಿಮಗೆ ಬಾಯಲ್ಲೇ ಇರುತ್ತದೆ. ಕರು ಹಾಕಿದ ಮೇಲೆ ಸತ್ತೆ ಬೀಳದಿದ್ದರೆ ಅಂದೇ ನನಗೆ ಫೋನ್ ಮಾಡುತ್ತೀರಿ. ಆದರೆ ತಮ್ಮ ಮುಟ್ಟು ಹತ್ತು ದಿನ ಹೋದರೂ 'ವಯಸ್ಸಿಗೆ ಹಾಗೇ' ಎಂದು ಸುಮ್ಮನಿರುವವರೇ ಹೆಚ್ಚು. ಕೊನೆಗೊಂದು ದಿನ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡರೆ, ಹೆದರಿ ಗರ್ಭಕೋಶವನ್ನೇ ತೆಗೆಸಿಬಿಡುತ್ತಾರೆ. ಎರಡೂ ಸರಿಯಲ್ಲ.

ನಾನು ದನದ ಡಾಕ್ಟರು, ನಿಮಗೆ ಚಿಕಿತ್ಸೆ ಹೇಳಲಾರೆ. ಆದರೆ ಇಷ್ಟು ತಿಳಿದಿರಲಿ: ಫೈಬ್ರಾಯ್ಡ್ ಎಂಬ ಈ ಗಡ್ಡೆ ಬಹಳ ಸಾಮಾನ್ಯ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 50 ವರ್ಷದೊಳಗೆ ನೂರಕ್ಕೆ 70ರಷ್ಟು ಬಿಳಿಯ ಮಹಿಳೆಯರಿಗೂ 80ಕ್ಕಿಂತ ಹೆಚ್ಚು ಕಪ್ಪು ಮಹಿಳೆಯರಿಗೂ ಇದು ಬರುತ್ತದೆಂದು ಅಂದಾಜಿಸಿದ್ದರು. ಎಷ್ಟೋ ಜನರಿಗೆ ಇರುವುದೇ ಗೊತ್ತಾಗುವುದಿಲ್ಲ. ಇದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ಹಾಗಾಗಿ ಗಡ್ಡೆ ಇದೆ ಎಂಬುದಷ್ಟೇ ಆಪರೇಷನ್‌ಗೆ ಕಾರಣವಾಗಬಾರದು. ತೊಂದರೆ ಎಷ್ಟಿದೆ ಎಂದು ನೋಡಬೇಕು. ಏಳು ದಿನಕ್ಕಿಂತ ಹೆಚ್ಚು ರಕ್ತಸ್ರಾವ, ಗಟ್ಟಿ ಗಟ್ಟಿಯಾಗಿ ರಕ್ತ ಹೋಗುವುದು, ಕಿಬ್ಬೊಟ್ಟೆ ಭಾರ, ಪದೇ ಪದೇ ಮೂತ್ರ, ಹುಲ್ಲಿನ ಹೊರೆ ಹೊತ್ತರೆ ಏದುಸಿರು - ಇವಿದ್ದರೆ ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ಒಂದು ದಿನವೂ ಕಾಯಬೇಡಿ.

ಮಾತ್ರೆ, ಹಾರ್ಮೋನ್ ಇರುವ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಎಲ್ಲವೂ ಇವೆ. ಕೆಲವರಿಗೆ ಗರ್ಭಕೋಶ ತೆಗೆಸಲೇಬೇಕಾಗುತ್ತದೆ, ನಿಜ. ಆದರೆ ಜೊತೆಗೆ ಅಂಡಾಶಯಗಳನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ಯಶಸ್ವಿನಿ ಕಾರ್ಡ್ ಇದೆ, ಖರ್ಚಿಲ್ಲ ಎಂದು ಒಪ್ಪಿಕೊಳ್ಳಬೇಡಿ. 'ತೆಗೆಯದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೇ?' ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಬರಡು ರಾಸುಗಳಿಗೆ ಊರೂರಲ್ಲಿ ತಪಾಸಣಾ ಶಿಬಿರ ಮಾಡುತ್ತೇವೆ. ಅದೇ ದಿನ, ಅದೇ ಡೇರಿಯ ಮುಂದೆ, ರಾಸು ಹಿಡಿದು ಬಂದ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆಯೂ ನಡೆಯಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಬೇಕು.