ದನಿ ನಮ್ಮದು, ಸ್ಟುಡಿಯೊ ಕೂಡ ನಮ್ಮದಾಗಲಿ

ಬಾಗಲಕೋಟೆ ಜಿಲ್ಲೆಗೆ ದನಿಯ ಬಡತನ ಎಂದೂ ಇರಲಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ಹಳೆಯ ಹುನಗುಂದ ತಾಲ್ಲೂಕಿನ ಕಂದಗಲ್ಲ ಹನುಮಂತರಾಯರು ಮತ್ತು ಸೂಳೇಬಾವಿಯ ಪಿ.ಬಿ. ಧುತ್ತರಗಿ ಅವರು ಬರೆದ ನಾಟಕಗಳನ್ನು ವೃತ್ತಿ ಕಂಪನಿಗಳು ಊರೂರಿಗೆ ಒಯ್ದವು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜ್‌ಕುಮಾರ್ ನಟಿಸಿದ ಸಿನಿಮಾ ಆಯಿತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ವಾರಗಟ್ಟಲೆ ಟೆಂಟು ಹೂಡುತ್ತವೆ. ಬಾಗಲಕೋಟೆಯ ಗೋಂಧಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಇಷ್ಟೆಲ್ಲ ಇದ್ದೂ ಇಲ್ಲಿನ ದನಿ ಮುದ್ರಣಗೊಳ್ಳಬೇಕೆಂದರೆ ಊರು ಬಿಡಬೇಕಿತ್ತು. ಅಮೀರಬಾಯಿ ಮುಂಬೈಗೆ ಹೋದರು; ಮುಂದಿನವರಿಗೆ 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಆಸರೆಯಾಯಿತು; ಸಿನಿಮಾ ಹಾಡಿಗೆ ಮದ್ರಾಸೇ ಗತಿಯಾಗಿತ್ತು. ಆ ಅನಿವಾರ್ಯ ಈಗ ಉಳಿದಿಲ್ಲ. ಇಳಕಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ, ಸಾಧಾರಣ ಸಂಬಳದವರ ಕೈಗೆಟಕುವ ಖರ್ಚಿನಲ್ಲಿ, ದಶಕಗಳ ಕಾಲ ಬಾಳುವ ಮುದ್ರಣ ಮಾಡಬಹುದು. ಅದಕ್ಕೊಂದು ಷರತ್ತಿದೆ: ಹಣವೂ ಗಮನವೂ ಮೊದಲು ಕೋಣೆ, ಮೈಕು, ವಾದ್ಯಗಳಿಗೆ ಸಲ್ಲಬೇಕು, ಕಂಪ್ಯೂಟರಿನ ಸರದಿ ಆಮೇಲೆ ಬರಬೇಕು.

ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುವುಮುರುವು. ಉತ್ತರ ಕರ್ನಾಟಕದ ಜಾನಪದ ಹಾಡುಗಳಿಗೆ ಯೂಟ್ಯೂಬಿನಲ್ಲಿ ದೊಡ್ಡ ಮಾರುಕಟ್ಟೆ ತೆರೆದ ಮೇಲೆ ಸಣ್ಣ ಊರುಗಳಲ್ಲೂ ಸ್ಟುಡಿಯೊಗಳು ಹುಟ್ಟಿಕೊಂಡಿವೆ. ಹತ್ತಾರು ಹುಡುಗರಿಗೆ ಅನ್ನ ಕೊಟ್ಟ, ಹಳ್ಳಿಯ ಮಾತಿಗೆ ಮರ್ಯಾದೆ ತಂದ ಈ ಬೆಳವಣಿಗೆಯನ್ನು ಹೀಗಳೆಯುವುದು ಅನ್ಯಾಯ. ಆದರೆ ಅಲ್ಲಿ ಸ್ಟುಡಿಯೊ ಎಂದರೆ ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಸಿದ್ಧ ತಾಳಗಳ ಭಂಡಾರ, ಮೂಲೆಯಲ್ಲಿ ಒಂದು ಕಂಡೆನ್ಸರ್ ಮೈಕು. ಹಲಗೆಯ ಏಟು ಕೀಲಿಮಣೆಯಿಂದ ಬರುತ್ತದೆ. ಹಾಡುಗಾರ್ತಿ ಹೆಡ್‌ಫೋನು ತೊಟ್ಟು ಯಂತ್ರದ ತಾಳಕ್ಕೆ ಹಾಡಿ ಹೋಗುತ್ತಾಳೆ. ಸ್ವರ ತಿದ್ದುವ ತಂತ್ರಾಂಶ ಅವಳ ದನಿಯ ಏರಿಳಿತವನ್ನು ಸಪಾಟು ಮಾಡುತ್ತದೆ. ಹೀಗಾಗಿ ಹುನಗುಂದದ ದನಿಗೂ ಗೋಕಾಕದ ದನಿಗೂ ವ್ಯತ್ಯಾಸ ಅಳಿಸುತ್ತಿದೆ. ಇದಕ್ಕೆ ಹುಡುಗರ ಅಭಿರುಚಿಯನ್ನು ದೂರುವುದಕ್ಕಿಂತ ಖರ್ಚಿನ ಕ್ರಮವನ್ನು ನೋಡಬೇಕು. ಅಸಲಿ ವಾದ್ಯವನ್ನು ಹಿಡಿಯಬಲ್ಲ ಕೋಣೆ ಇಲ್ಲದಿದ್ದಾಗ ನಕಲಿ ವಾದ್ಯವೇ ಸುಲಭವಾಗುತ್ತದೆ.

ದನಿ ಮುದ್ರಣವಾಗುವ ದಾರಿಯನ್ನು ಎರಡು ಭಾಗವಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಗಂಟಲಿನಿಂದ ಕೋಣೆಯ ಗಾಳಿಗೆ, ಅಲ್ಲಿಂದ ಮೈಕಿಗೆ, ಮೈಕಿನಿಂದ ವಿದ್ಯುತ್ತಾಗಿ ಮಿಕ್ಸರಿಗೆ ಬರುವ ತನಕ ಎಲ್ಲವೂ ಅನಲಾಗ್. ಅದನ್ನು ಅಂಕಿಗಳಾಗಿ ಬದಲಿಸುವ ಪುಟ್ಟ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸ್. ಅದಾದ ಮೇಲಿನದೆಲ್ಲ ಡಿಜಿಟಲ್. ಎರಡನೇ ಭಾಗ ಇವತ್ತು ಬಹಳ ಅಗ್ಗ. 24 ಬಿಟ್ ಮುದ್ರಣದ ಸೈದ್ಧಾಂತಿಕ ವ್ಯಾಪ್ತಿ 144 ಡೆಸಿಬೆಲ್. ಅಗ್ಗದ ಇಂಟರ್‌ಫೇಸ್ ಕೂಡ ನೂರರ ಆಸುಪಾಸು ಮುಟ್ಟುತ್ತದೆ. ಸದ್ದು ತಗ್ಗಿಸುವ ಏರ್ಪಾಡಿಲ್ಲದ ಸಾಮಾನ್ಯ ಕ್ಯಾಸೆಟ್ಟು 50-60 ಡೆಸಿಬೆಲ್‌ಗೇ ಸುಸ್ತಾಗುತ್ತಿತ್ತು. ಬೆರಿಂಜರ್, ಫೋಕಸ್‌ರೈಟ್ ಕಂಪನಿಗಳ ಎರಡು ಮೈಕಿನ ಇಂಟರ್‌ಫೇಸ್ ಒಂದು ಸ್ಮಾರ್ಟ್‌ಫೋನಿನ ಬೆಲೆಯೊಳಗೆ ಸಿಗುತ್ತದೆ. ಅಡಾಸಿಟಿ ತಂತ್ರಾಂಶ ಪುಕ್ಕಟೆ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಜಿಬಿ ಜಾಗ ಸಾಕು. ಡಿಜಿಟಲ್ ಭಾಗದ ತಪ್ಪನ್ನು ನಾಳೆಯೂ ತಿದ್ದಬಹುದು, ಹತ್ತು ವರ್ಷ ಬಿಟ್ಟು ಹೊಸ ತಂತ್ರಾಂಶದಿಂದಲೂ ತಿದ್ದಬಹುದು. ಮೊದಲ ಭಾಗದ ತಪ್ಪಿಗೆ ಅಂಥ ಅವಕಾಶವಿಲ್ಲ. ಗೋಡೆಯ ಪ್ರತಿಧ್ವನಿ ದನಿಯೊಳಗೆ ಬೆರೆತು ಒಳಹೋದರೆ ಅದನ್ನು ಪೂರ್ತಿ ಬಿಡಿಸುವುದು ಆಗದ ಮಾತು. ತಿದ್ದಲಾಗದ ಜಾಗದಲ್ಲಿ ಖರ್ಚು ಮಾಡಬೇಕು, ತಿದ್ದಬಹುದಾದ ಜಾಗದಲ್ಲಿ ಉಳಿಸಬೇಕು. ಅಗ್ಗದ ಡಿಜಿಟಲ್ ಉಪಕರಣವನ್ನೂ ಒಳ್ಳೆಯ ಅನಲಾಗ್ ಭಾಗವನ್ನೂ ಜೊತೆಗೂಡಿಸಬೇಕು ಎಂಬ ನನ್ನ ವಾದದ ಹಿಂದಿರುವ ಲೆಕ್ಕ ಇದೇ. ಹಳೆಯದರ ಮೋಹಕ್ಕೆ ಇದರಲ್ಲಿ ಜಾಗವಿಲ್ಲ.

ಹಾಗೆ ನೋಡಿದರೆ ಈ ಜಿಲ್ಲೆ ಮೊದಲ ಭಾಗದಲ್ಲೇ ಸಿರಿವಂತ. ದಪ್ಪ ಮಣ್ಣಿನ ಗೋಡೆ, ಮರದ ತೊಲೆ-ಜಂತಿ, ಮೇಲೆ ಮಣ್ಣಿನ ಮಾಳಿಗೆ ಇರುವ ಹಳೆಯ ಮನೆ ಹೊರಗಿನ ಸದ್ದನ್ನು ತಡೆಯುತ್ತದೆ, ಒಳಗಿನ ದನಿಯನ್ನು ಚೆಲ್ಲಾಪಿಲ್ಲಿ ಮಾಡುವುದಿಲ್ಲ. ಹೊಸ ಆರ್‌ಸಿಸಿ ಮನೆಯ ಕೋಣೆಯಲ್ಲಿ ಎದುರುಬದುರು ನಿಂತ ಗಿಲಾವಿನ ಗೋಡೆಗಳ ನಡುವೆ ಒಂದು ಚಪ್ಪಾಳೆ ತಟ್ಟಿದರೆ ಝಣಝಣ ಎಂಬ ಮರುದನಿ ಬರುತ್ತದೆ. ನೆಲಕ್ಕೆ ಗ್ರಾನೈಟು ಹಾಸಿದ್ದರಂತೂ ಇನ್ನೂ ಹೆಚ್ಚು. ಇದಕ್ಕೆ ಮದ್ದು ಆನ್‌ಲೈನಿನಲ್ಲಿ ಮಾರುವ ತೆಳ್ಳನೆಯ ಸ್ಪಂಜಿನ ಹಾಳೆಯಲ್ಲಿ ಇಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಅದಕ್ಕಿಂತ ದಪ್ಪ, ಭಾರ. ಅದನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯದೆ, ನಾಲ್ಕು ಬೆರಳು ಬಿಟ್ಟು ಹಗ್ಗದ ಮೇಲೆ ಇಳಿಬಿಟ್ಟರೆ ಹಿಂದಿನ ಗಾಳಿಯ ಪದರವೂ ಕೆಲಸಕ್ಕೆ ಬರುತ್ತದೆ. ಆದರೂ ಕೌದಿ ಹಿಡಿಯುವುದು ತಾರದ ಸದ್ದನ್ನು ಮಾತ್ರ. ಕಂಪನಾಂಕ ನೂರು ಹರ್ಟ್ಸ್‌ಗೆ ಇಳಿದಾಗ ಅಲೆಯ ಉದ್ದ ಮೂರೂವರೆ ಮೀಟರಿನ ಹತ್ತಿರವಿರುತ್ತದೆ; ಡೊಳ್ಳಿನ ಗುಮ್ಮೆನ್ನುವ ದನಿಗೆ ಬಟ್ಟೆ ಸಾಲದು. ಅರಳೆ ತುಂಬಿದ ಹಳೆ ಗಾದಿಗಳನ್ನು ಕೋಣೆಯ ಮೂಲೆಗಳಲ್ಲಿ ನೆಲದಿಂದ ಮಾಳಿಗೆಯವರೆಗೆ ನಿಲ್ಲಿಸಬೇಕು. ಹತ್ತಿ ಬೆಳೆಯುವ ನಾಡಿನಲ್ಲಿ ಇದಕ್ಕೆ ತಗಲುವ ಖರ್ಚು ಎಷ್ಟು?

ಮೈಕಿನ ಆಯ್ಕೆಯಲ್ಲೂ ಇದೇ ವಿವೇಕ ಬೇಕು. ಸಜ್ಜಾಗದ ಕೋಣೆಯಲ್ಲಿ ಕಂಡೆನ್ಸರ್ ಮೈಕು ದನಿಯ ಜೊತೆ ಫ್ಯಾನು, ಬೀದಿನಾಯಿ, ಪಕ್ಕದ ಮನೆಯ ಟಿವಿಯನ್ನೂ ಹಿಡಿಯುತ್ತದೆ. 1966ರಿಂದ ವೇದಿಕೆಗಳಲ್ಲಿ ದುಡಿಯುತ್ತಿರುವ ಶೂರ್ ಎಸ್‌ಎಂ58ರಂಥ ಡೈನಾಮಿಕ್ ಮೈಕಿಗೆ ಅಷ್ಟು ಸೂಕ್ಷ್ಮ ಕಿವಿಯಿಲ್ಲ, ಆ ಮಂದತನವೇ ಇಲ್ಲಿ ಉಪಕಾರಿ. ನಕಲಿ ಮಾಲು ಬಹಳವಿರುವುದರಿಂದ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಬೇಕು. ಎರಡು ಅಡಿ ದೂರದ ಮೈಕನ್ನು ಅರ್ಧ ಅಡಿಗೆ ತಂದರೆ ನೇರ ದನಿ ಸುಮಾರು 12 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಯಾವ ತಂತ್ರಾಂಶವೂ ಇಷ್ಟು ಸುಲಭದಲ್ಲಿ ಇದನ್ನು ಕೊಡಲಾರದು. ಈ ಬಗೆಯ ಮೈಕಿಗೆ ಬೆನ್ನ ಹಿಂದಿನ ಸದ್ದು ಕಡಿಮೆ ಕೇಳುತ್ತದೆ ಎಂಬುದನ್ನೂ ಬಳಸಿಕೊಳ್ಳಬೇಕು. ಗೋಂಧಳಿ ಹಾಡುಗಾರರನ್ನೂ ಸಂಬಾಳ ಎಂಬ ಚರ್ಮವಾದ್ಯ ಬಾರಿಸುವವರನ್ನೂ ಎದುರುಬದುರು ಕೂರಿಸಿ, ಮೈಕಿನ ಮುಖ ಹಾಡುಗಾರರಿಗೂ ಬೆನ್ನು ಸಂಬಾಳಕ್ಕೂ ಬರುವಂತೆ ಇಟ್ಟು, ಸಂಬಾಳಕ್ಕೆ ಬೇರೊಂದು ಮೈಕು ಕೊಟ್ಟರೆ ಇಬ್ಬರೂ ಒಟ್ಟಿಗೆ ಹಾಡಿ ಬಾರಿಸಬಹುದು, ಆಮೇಲೆ ಎರಡನ್ನೂ ಬಹುಮಟ್ಟಿಗೆ ಬೇರೆಯಾಗಿ ಹದಗೊಳಿಸಬಹುದು. ಒಟ್ಟಿಗೆ ಹಾಡುವುದೇ ಇಲ್ಲಿ ಮುಖ್ಯ. ಗೋಂಧಳಿ, ಗೀಗೀ, ಲಾವಣಿಗಳಲ್ಲಿ ಕಥೆ ಕಾವೇರಿದಂತೆ ತಾಳ ಬಿರುಸಾಗುತ್ತದೆ, ಹಿಮ್ಮೇಳ ಮುಮ್ಮೇಳದ ಉಸಿರನ್ನು ನೋಡಿ ಎತ್ತಿಕೊಳ್ಳುತ್ತದೆ. ಯಂತ್ರದ ಟಿಕ್‌ಟಿಕ್‌ಗೆ ಒಬ್ಬೊಬ್ಬರನ್ನೇ ಬೇರೆಯಾಗಿ ಮುದ್ರಿಸಿದರೆ ಕಲೆಯ ಆ ಜೀವಾಳವೇ ಹೊರಗುಳಿಯುತ್ತದೆ.

ಹಳೆಯ ಕ್ಯಾಸೆಟ್ ಡೆಕ್ಕುಗಳಿಗೆ ಇಲ್ಲಿ ಕೆಲಸವೇನು? ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಮಗ್ಗದ ಮೇಲೆ ಕುಣಿಕೆ ಹಾಕಿ ಕೂಡಿಸುವ ನೇಕಾರನಿಗೆ ಯಾವ ಎಳೆ ಎಲ್ಲಿಗೆ ತಕ್ಕದ್ದು ಎಂಬುದು ಗೊತ್ತು. ಇಲ್ಲೂ ಅದೇ ಜಾಣ್ಮೆ ಬೇಕು. ಡಿಜಿಟಲ್‌ನಲ್ಲಿ ಮಟ್ಟ ಸೊನ್ನೆ ಡೆಸಿಬೆಲ್ ದಾಟಿದ ಕ್ಷಣ ಅಲೆಯ ತಲೆ ಕತ್ತರಿಸಿ ಕರ್ಕಶವಾಗುತ್ತದೆ. ಟೇಪು ಅದೇ ಏಟಿಗೆ ಮೆಲ್ಲಗೆ ಮಣಿಯುತ್ತದೆ. ಹಲಗೆಯ ಚುರುಕು ಏಟನ್ನು ಮೊದಲು ಡಿಜಿಟಲ್‌ನಲ್ಲಿ ಮೈನಸ್ 12ರ ಸುತ್ತಮುತ್ತ ಸುರಕ್ಷಿತವಾಗಿ ಹಿಡಿಯಬೇಕು. ಮಿಶ್ರಣ ಮುಗಿದ ಮೇಲೆ ಇಡೀ ಹಾಡನ್ನು ಒಮ್ಮೆ ಡೆಕ್ಕಿನ ಮೂಲಕ ಹಾಯಿಸಿ ಮರಳಿ ತಂದರೆ ಆ ಏಟಿನ ಅಂಚು ದುಂಡಗಾಗುತ್ತದೆ. ಬಿಡಿ ಟ್ರ್ಯಾಕುಗಳನ್ನು ಹೀಗೆ ಕಳಿಸಬಾರದು, ಟೇಪಿನ ವೇಗದ ಏರುಪೇರಿನಿಂದ ತಾಳ ಜಾರುತ್ತದೆ. ಮೂಲ ಡಿಜಿಟಲ್ ಪ್ರತಿ ಹೇಗೂ ಇದ್ದೇ ಇರುವುದರಿಂದ ಕಳೆದುಕೊಳ್ಳುವುದೇನಿಲ್ಲ. ಮನೆಯ ಮುದ್ರಣ ಕೀಳಲ್ಲ ಎಂಬುದಕ್ಕೂ ಪುರಾವೆಯಿದೆ. ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕು ಹಿಡಿಯುವ ಪೋರ್ಟಾಸ್ಟುಡಿಯೊ ಎಂಬ ಯಂತ್ರ 1979ರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮನ್ನು ಅದರಲ್ಲೇ, ಎರಡು ಶೂರ್ ಎಸ್‌ಎಂ57 ಮೈಕಿನಿಂದ, ಮನೆಯಲ್ಲೇ ಮುದ್ರಿಸಿದರು. ಇವತ್ತಿನ ಅಗ್ಗದ ಇಂಟರ್‌ಫೇಸ್ ಅಂಕಿಅಂಶದಲ್ಲಿ ಆ ಯಂತ್ರಕ್ಕಿಂತ ಎಷ್ಟೋ ಮುಂದಿದೆ.

ಡೆಕ್ಕಿಗೆ ಇದಕ್ಕಿಂತ ದೊಡ್ಡ ಕೆಲಸವೊಂದಿದೆ. ಕ್ಯಾಸೆಟ್ ಯುಗದಲ್ಲಿ ಭಜನಾ ಮೇಳ, ಶ್ರೀಕೃಷ್ಣ ಪಾರಿಜಾತ, ಕಂಪನಿ ನಾಟಕಗಳನ್ನು ಜನರೇ ಮುದ್ರಿಸಿಕೊಂಡ ಟೇಪುಗಳು ಮನೆಗಳ ಟ್ರಂಕುಗಳಲ್ಲಿ ಬೂಸಲು ಹಿಡಿಯುತ್ತಿವೆ. ಅವನ್ನು ಉಳಿಸಬೇಕಾದರೆ ಸುಸ್ಥಿತಿಯ ಡೆಕ್ಕೇ ಬೇಕು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪಕ್ಕದ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಟ್ಟರೆ, ಮಂಕಾಗಿದ್ದ ತಾಳದ ಕಿಣಿಕಿಣಿ ಒಮ್ಮೆಲೇ ಸ್ಪಷ್ಟವಾಗುವ ಒಂದು ಬಿಂದು ಸಿಗುತ್ತದೆ. ಮುದ್ರಿಸಿದ ಯಂತ್ರದ ಹೆಡ್ಡಿನ ಓರೆಗೆ ನಮ್ಮ ಹೆಡ್ಡು ಹೊಂದಿಕೊಂಡ ಬಿಂದು ಅದು. ಪ್ರತಿ ಟೇಪಿಗೂ ಇದನ್ನು ಹೊಸದಾಗಿ ಹುಡುಕಬೇಕು. ಈ ಕೈಗುಣ ಇನ್ನೂ ಉಳಿದಿರುವುದು ನಮ್ಮ ಪೇಟೆಗಳ ಹಳೆಯ ರೇಡಿಯೊ ರಿಪೇರಿಯವರಲ್ಲಿ, ಮೈಕ್‌ಸೆಟ್ಟಿನವರಲ್ಲಿ. ಅವರನ್ನು ಹೊಸ ಹುಡುಗರ ಪಕ್ಕ ಕೂರಿಸುವುದು ಯಾವ ಉಪಕರಣಕ್ಕಿಂತಲೂ ಬೆಲೆಬಾಳುವ ಹೂಡಿಕೆ.

ಆಕ್ಷೇಪಗಳು ಇಲ್ಲದಿಲ್ಲ. ಮೊಬೈಲಿನಲ್ಲೇ ಎಲ್ಲ ಆಗುವಾಗ ಇಷ್ಟು ಉಸಾಬರಿ ಯಾಕೆ ಎನ್ನುವವರಿದ್ದಾರೆ. ಏನೂ ಇಲ್ಲದ ಕಡೆ ಮೊಬೈಲು ವರವೇ ಸರಿ. ಆದರೆ ಜಾತ್ರೆಯ ಪ್ರೇಕ್ಷಕರ ನಡುವೆ ಹಿಡಿದ ಮೊಬೈಲು ಮುದ್ರಿಸುವುದು ಧ್ವನಿವರ್ಧಕದ ಸದ್ದನ್ನು, ಜೊತೆಗೆ ಗದ್ದಲವನ್ನು. ಅದು ನೆನಪಿಗೆ ಸಾಕು, ಮುಂದಿನ ಹಾಡುಗಾರ ಕೇಳಿ ಕಲಿಯಲು ಸಾಲದು. ಅನಲಾಗ್ ಗುಣವನ್ನು ಅನುಕರಿಸುವ ಪ್ಲಗಿನ್ ಎಂಬ ತಂತ್ರಾಂಶಗಳಿವೆ ಎಂಬುದೂ ನಿಜ, ಟೇಪಿನ ಮಟ್ಟಿಗೆ ಅವು ಚೆನ್ನಾಗಿಯೇ ಇವೆ. ಕೆಟ್ಟ ಡೆಕ್ಕಿಗಿಂತ ಒಳ್ಳೆಯ ಪ್ಲಗಿನ್ನು ಮೇಲು. ಡೆಕ್ಕು ಸಿಗದವರು ಅದನ್ನೇ ಬಳಸಲಿ. ಆದರೆ ಕೋಣೆಗೆ, ಮೈಕಿನ ದೂರಕ್ಕೆ, ಎದುರು ಕೂತ ಸಂಬಾಳದವರಿಗೆ ಪ್ಲಗಿನ್ನಿಲ್ಲ.

ಸದ್ದು ಮತ್ತು ವಿದ್ಯುತ್ತಿನ ತೊಂದರೆ ಇನ್ನೂ ಗಟ್ಟಿಯಾದ ಆಕ್ಷೇಪ. ಇಳಕಲ್, ಗುಳೇದಗುಡ್ಡಗಳ ಓಣಿಗಳಲ್ಲಿ ಮಗ್ಗದ ಸಪ್ಪಳ ದಿನವಿಡೀ ಇರುತ್ತದೆ, ಅದು ನಿಲ್ಲಲಿ ಎಂದು ಬಯಸುವುದು ಯಾರದೋ ಹೊಟ್ಟೆಯ ಮೇಲೆ ಹೊಡೆದಂತೆ. ಮುದ್ರಣದ ಹೊತ್ತನ್ನೇ ರಾತ್ರಿಗೆ ಬದಲಿಸಿಕೊಳ್ಳಬೇಕು. ಬಯಲಾಟದವರಿಗೆ, ಭಜನೆಯವರಿಗೆ ರಾತ್ರಿ ಹಾಡುವುದು ಹೊಸದೇನಲ್ಲ. ಮುದ್ರಣದಲ್ಲಿ ಕೇಳುವ ಗುಂಯ್ ಎಂಬ ಸದ್ದು ಸಾಮಾನ್ಯವಾಗಿ 50 ಹರ್ಟ್ಸ್ ವಿದ್ಯುತ್ತಿನದು, ಅರ್ಥಿಂಗ್ ಸರಿಯಿಲ್ಲದಿರುವುದರ ಗುರುತು. ಮೊದಲು ಅರ್ಥಿಂಗ್ ಸರಿಪಡಿಸಿ, ಎಲ್ಲ ಉಪಕರಣಗಳನ್ನು ಒಂದೇ ಬೋರ್ಡಿನಿಂದ ಎಳೆದು, ಮೈಕಿಗೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದರೆ ಬಹುಪಾಲು ಕಾಟ ತಪ್ಪುತ್ತದೆ. ಇದಕ್ಕೆ ಬೇಕಾದದ್ದು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ ಅರ್ಧ ದಿನ.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸವಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. ಕರ್ನಾಟಕ ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅವುಗಳ ಹೊಣೆ ದೊಡ್ಡದು, ಆದರೆ ಒಂದು ಸಂಸ್ಥೆ ಎಲ್ಲ ಓಣಿಗಳ ಮನೆ ಬಾಗಿಲಿಗೂ ಬರಲಾರದು. ಬೀಸುಕಲ್ಲಿನ ಪದ, ಸೋಬಾನೆ ಹಾಡುವ ಅಜ್ಜಿ ಗಾಜಿನ ಸ್ಟುಡಿಯೊದಲ್ಲಿ ಬೆವರುತ್ತಾಳೆ, ಪರಿಚಯದ ಮನೆಯ ಪಡಸಾಲೆಯಲ್ಲಿ ಬಾಯಿ ತುಂಬ ಹಾಡುತ್ತಾಳೆ. ಸಂಸ್ಥೆಗಳು ಮಾಡಬೇಕಾದದ್ದು ಇಂಥ ಮನೆಗಳನ್ನು ಗುರುತಿಸಿ, ತರಬೇತಿ ಕೊಟ್ಟು, ಮುದ್ರಣದ ಒಂದೊಂದು ಪ್ರತಿಯನ್ನು ತಮ್ಮಲ್ಲಿ ಕಾಪಿಡುವುದು. ಜೊತೆಗೆ ಹಕ್ಕಿನ ಮಾತನ್ನೂ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಟ್ಟಿದೆ. ಹಾಡಿಸಿ, ಚಹಾ ಕೊಟ್ಟು ಕಳಿಸಿ, ತನ್ನ ಚಾನೆಲ್ಲಿನಲ್ಲಿ ಹಾಕಿ ದುಡಿಯುವುದು ಕಲಾವಿದರಿಗೆ ಮಾಡುವ ಮೋಸ. ಒಂದು ಹಾಳೆಯ ಒಪ್ಪಂದ, ಹೆಸರಿನ ಉಲ್ಲೇಖ, ಬಂದ ಹಣದಲ್ಲಿ ಪಾಲು, ಈ ಮೂರೂ ಸ್ಟುಡಿಯೊದ ಉಪಕರಣಗಳಷ್ಟೇ ಕಡ್ಡಾಯವಾಗಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ತಲಾ ಒಂದು ಇಂಥ ಕೋಣೆ ಸಜ್ಜಾದರೆ ಆರಂಭಕ್ಕೆ ಅಷ್ಟು ಸಾಕು. ಎರಡು ಡೈನಾಮಿಕ್ ಮೈಕು, ಒಂದು ಇಂಟರ್‌ಫೇಸ್, ಹಳೆಯದೊಂದು ಲ್ಯಾಪ್‌ಟಾಪು, ರಿಪೇರಿಯಾದ ಒಂದು ಡೆಕ್ಕು, ನಾಲ್ಕಾರು ಕೌದಿ-ಗಾದಿ: ಪಟ್ಟಿ ಇಷ್ಟೇ. ಮನೆಯಲ್ಲಿ ಸ್ಟುಡಿಯೊ ಕಟ್ಟಹೊರಟ ಯುವಕರು ಮುಂದಿನ ದುಬಾರಿ ತಂತ್ರಾಂಶ ಕೊಳ್ಳುವ ಮೊದಲು ಆ ಹಣವನ್ನು ಕೋಣೆಗೆ ಹಾಕಲಿ, ಉಳಿದದ್ದನ್ನು ಒಬ್ಬ ಅಸಲಿ ಹಲಗೆಯವನಿಗೆ ಸಂಭಾವನೆಯಾಗಿ ಕೊಡಲಿ. ಜಿಲ್ಲೆಯ ಜಾನಪದ ಹಾಡುಗಾರರಲ್ಲಿ ಅನೇಕರಿಗೆ ವಯಸ್ಸಾಗಿದೆ. ಉಪಕರಣದ ಬೆಲೆ ಮುಂದಿನ ವರ್ಷ ಇನ್ನಷ್ಟು ಇಳಿಯಬಹುದು, ಅವರ ಕಂಠಕ್ಕೆ ಅಂಥ ಕಾಯುವಿಕೆ ಒಗ್ಗದು. ಆದ್ದರಿಂದ ಇರುವ ಸಲಕರಣೆಯಲ್ಲೇ ಈ ವರ್ಷವೇ ಮುದ್ರಣ ಶುರುವಾಗಬೇಕು.