ಸವಕಳಿ ಬರೆದರೆ ಸಾಲದು, ಹಣ ತೆಗೆದಿರಿಸಬೇಕು

ಅಮೆರಿಕದ ನಗರಗಳ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕೂ ಮಿಕ್ಕು ಬೆಂಕಿಯವಲ್ಲ, ವೈದ್ಯಕೀಯ ಕರೆಗಳು. ಕರ್ನಾಟಕದಲ್ಲಿ ಈ ಕೆಲಸ 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯದು. ಅಗ್ನಿಶಾಮಕ ಇಲಾಖೆ ಬೇರೆ. ಅಲ್ಲಿ ಎರಡೂ ಹೊಣೆಗಳು ಬಹುಮಟ್ಟಿಗೆ ಒಂದೇ ದಳದ ಮೇಲಿವೆ. ಆದ್ದರಿಂದ ಅದರ ವಾಹನಗಳಲ್ಲಿ, ಸ್ತಂಭಿಸಿದ ಹೃದಯಕ್ಕೆ ವಿದ್ಯುದಾಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರವೂ ಇರುತ್ತದೆ. ಈ ಆಘಾತ ಒಂದೊಂದು ನಿಮಿಷ ತಡವಾದಂತೆಲ್ಲ ರೋಗಿ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ.

ಹತ್ತಾರು ಸಾವಿರ ಡಾಲರ್ ಬೆಲೆಯ ಈ ಯಂತ್ರ ಕೆಡದೆಯೂ ಹಳತಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಲೈಫ್‌ಪ್ಯಾಕ್ ಶ್ರೇಣಿಯಲ್ಲಿ 12ನೆಯ ಮಾದರಿ 1998ರಲ್ಲಿ, 15ನೆಯದು 2009ರಲ್ಲಿ, 35ನೆಯದು 2024ರಲ್ಲಿ ಬಂದವು. ಹೊಸದು ಬಂದ ಕೆಲವು ವರ್ಷಗಳಲ್ಲಿ ಹಳೆಯದರ ಬಿಡಿಭಾಗ, ಬ್ಯಾಟರಿಗಳ ಪೂರೈಕೆ ನಿಲ್ಲುತ್ತದೆ. ಯಂತ್ರದ ಆಯುಸ್ಸು ಸುಮಾರು ಎಂಟು ಹತ್ತು ವರ್ಷವೆಂಬುದು ಕೊಂಡ ದಿನವೇ ಗೊತ್ತಿರುವ ಸಂಗತಿ. ಹೀಗಿದ್ದೂ ಬದಲಾಯಿಸುವ ವರ್ಷ ಬಂದಾಗ ಅನೇಕ ನಗರಸಭೆಗಳು ಆಕಸ್ಮಿಕ ಎರಗಿದಂತೆ ವರ್ತಿಸುತ್ತವೆ.

ದೋಷ ಲೆಕ್ಕ ಬರೆಯುವುದರಲ್ಲಿಲ್ಲ. 1999ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪತ್ರ ಮಾನಕ ಮಂಡಳಿಯು ತನ್ನ 34ನೆಯ ಮಾನಕದ ಮೂಲಕ ನಗರಾಡಳಿತಗಳೂ ಸವಕಳಿ ತೋರಿಸಬೇಕೆಂದು ವಿಧಿಸಿತು. ಆದರೆ ಸವಕಳಿಯೆಂಬುದು ಒಂದು ನಮೂದು, ತಿಜೋರಿಯಲ್ಲಿರುವ ಹಣವಲ್ಲ. ವಾರ್ಷಿಕ ಆಯವ್ಯಯದಲ್ಲಿ ಅದಕ್ಕೆ ಸ್ಥಾನವಿಲ್ಲ. ಕೊಂಡ ವರ್ಷದ ಖರ್ಚು ಮಾತ್ರ ಕಾಣುತ್ತದೆ. ಮೇಲಾಗಿ ಸವಕಳಿ ಮೂಲ ಬೆಲೆಯನ್ನು ಆಧರಿಸಿದ್ದು. ಉದಾಹರಣೆಗೆ 20,000 ಡಾಲರಿಗೆ ಕೊಂಡ ಯಂತ್ರದ ಸ್ಥಾನಕ್ಕೆ ಬರುವ ಹೊಸದು 35,000 ಆದರೆ, ಪೂರ್ತಿ ಸವಕಳಿಯಷ್ಟು ಹಣ ಕೂಡಿಟ್ಟ ನಗರಕ್ಕೂ 15,000 ಕೊರತೆ ಬೀಳುತ್ತದೆ. ಹಳೆಯ ಲೇತ್ ಮಾರಿ ಹೊಸದು ಕೊಳ್ಳಲು ಹೊರಟ ಸಣ್ಣ ಉದ್ಯಮಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊರತೆ ತುಂಬಲು ನಗರಗಳು ಕೈಚಾಚುವುದು 2001ರಿಂದ ನೀಡಲಾಗುತ್ತಿರುವ ಅಗ್ನಿಶಾಮಕ ಸಹಾಯಾನುದಾನಕ್ಕೆ. ಇಪ್ಪತ್ತು ಸಾವಿರದವರೆಗೆ ಜನಸಂಖ್ಯೆಯುಳ್ಳ ಊರು ಅನುದಾನದ ಶೇ. 5ನ್ನು, ಹತ್ತು ಲಕ್ಷದವರೆಗಿನದು ಶೇ. 10ನ್ನು, ಅದಕ್ಕೂ ದೊಡ್ಡದು ಶೇ. 15ನ್ನು ತನ್ನ ಪಾಲಾಗಿ ಹಾಕಬೇಕು. ಅನುದಾನ ಸ್ಪರ್ಧೆಯ ಮೇಲೆ ದೊರೆಯುವಂಥದು. ಈ ವರ್ಷ ಬಂದದ್ದು ಎಂಟು ವರ್ಷಗಳ ಬಳಿಕವೂ ಬಂದೀತೆಂಬ ಭರವಸೆಯಿಲ್ಲ. ಅನುದಾನದಿಂದ ಬಂದ ಯಂತ್ರ ಪುಕ್ಕಟೆಯೆಂಬ ಭ್ರಮೆಯಲ್ಲಿ ಮುಂದಿನದಕ್ಕೆ ಯಾರೂ ಹಣವಿಡುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಂದರೆ.

ವರ್ಷಕ್ಕೆ ನಾಲ್ಕರಂತೆ ಕೊಳ್ಳುತ್ತ ಹೋದರೆ ಭಾರ ಹಂಚಿಹೋಗದೇ ಎಂಬ ಪ್ರಶ್ನೆ ಸಹಜ. ಕಾಗದದ ಮೇಲೆ ಅದು ಸರಿ. ಆದರೆ ಒಂದೇ ದಳದಲ್ಲಿ ಎರಡು ಬಗೆಯ ಯಂತ್ರಗಳಿದ್ದರೆ ತರಬೇತಿ ಎರಡು, ಬ್ಯಾಟರಿ ಎರಡು. ನಡುರಾತ್ರಿಯಲ್ಲಿ ಒಂದರ ಪ್ಯಾಡ್ ಇನ್ನೊಂದಕ್ಕೆ ಹೊಂದದಿರಬಹುದು. ಒಟ್ಟಿಗೇ ಕೊಳ್ಳುವುದೇ ಕ್ಷೇಮ. ಹಂಚಬೇಕಾದದ್ದು ಖರೀದಿಯನ್ನಲ್ಲ, ಹಣ ಕೂಡಿಡುವುದನ್ನು.

ಇದಕ್ಕೊಂದು ದಾರಿ ಸಿಯಾಟಲ್‌ನಲ್ಲಿದೆ. 1970ರಲ್ಲಿ ಅಲ್ಲಿನ ಅಗ್ನಿಶಾಮಕ ದಳ ವೈದ್ಯ ಲೆನರ್ಡ್ ಕಾಬ್ ಅವರೊಡನೆ ‘ಮೆಡಿಕ್ ಒನ್’ ಸೇವೆ ಆರಂಭಿಸಿತು. ಆ ನಗರವಿರುವ ಕಿಂಗ್ ಕೌಂಟಿಯ ಮತದಾರರು 1979ರಲ್ಲಿ ತುರ್ತು ಚಿಕಿತ್ಸೆಗೆಂದೇ ಪ್ರತ್ಯೇಕ ಆಸ್ತಿ ತೆರಿಗೆಗೆ ಒಪ್ಪಿಗೆಯಿತ್ತರು. 2020ರಿಂದ 2025ರ ಅವಧಿಗೆ ಅದರ ಆರಂಭಿಕ ದರ ಸಾವಿರ ಡಾಲರ್ ಆಸ್ತಿಮೌಲ್ಯಕ್ಕೆ 26.5 ಸೆಂಟ್. ವಾಹನ, ಡಿಫಿಬ್ರಿಲೇಟರುಗಳನ್ನು ಕಾಲಕಾಲಕ್ಕೆ ಬದಲಾಯಿಸುವ ವೆಚ್ಚ ಅದರ ಯೋಜನೆಯೊಳಗೇ ಸೇರಿದೆ. ತೆರಿಗೆ ಹೆಚ್ಚಾಯಿತೆಂದು ಗೊಣಗುವ ವರ್ತಕರು ಅಲ್ಲಿಯೂ ಇರಬಹುದು. ಆದರೆ ಹಣ ಯಾವುದಕ್ಕೆಂದು ಅವರಿಗೆ ತಿಳಿದಿದೆ.

ಇತ್ತೀಚೆಗೆ ಇಲ್ಲಿಯ ಕೆಲವು ಕಾರ್ಖಾನೆ, ಮಾಲ್‌ಗಳ ಗೋಡೆಗಳ ಮೇಲೂ ಇದೇ ಬಗೆಯ ಸಣ್ಣ ಯಂತ್ರಗಳು ಕಾಣುತ್ತಿವೆ. ಅವುಗಳ ಪ್ಯಾಡ್ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಅವಧಿ ಮೀರುತ್ತದೆ. ಬ್ಯಾಟರಿಯೂ ಕೆಲವೇ ವರ್ಷಗಳದು. ಖರೀದಿ ಬಿಲ್ಲಿನೊಂದಿಗೆ ಈ ದಿನಾಂಕಗಳನ್ನೂ ಆಸ್ತಿ ದಾಖಲೆಗೆ ಬರೆದು, ಪ್ರತಿ ಮಾರ್ಚ್‌ನಲ್ಲಿ ಹೊಸ ಯಂತ್ರದ ಅಂದಿನ ದರಪಟ್ಟಿ ತರಿಸಿ, ಅದರ ಎಂಟನೆಯ ಒಂದು ಭಾಗವನ್ನು ಬೇರೆ ಠೇವಣಿಯಲ್ಲಿ ಇಡುವುದು ಯಾವ ಸಂಸ್ಥೆಗೂ ಕಷ್ಟವಾಗಲಾರದು.