ಹೆಸರು ಒಂದೇ, ತಳಿ ಬೇರೆ

ಕಳೆದ ಮಳೆಗಾಲದಲ್ಲಿ ಒಂದೇ ವಾರದಲ್ಲಿ ನಮ್ಮ ಮನೆಗೆ ಎರಡು ಲ್ಯಾಬ್ ರಿಪೋರ್ಟ್ ಬಂದವು. ಒಂದು ಆರು ವರ್ಷದ ಮಗಳದ್ದು, ಇನ್ನೊಂದು ನಮ್ಮ ನಾಯಿ ಕರಿಯನದ್ದು. ಇಬ್ಬರಿಗೂ ಹದಿನೈದು ದಿನದಿಂದ ಬಿಟ್ಟು ಬಿಟ್ಟು ಭೇದಿ. ಎರಡರಲ್ಲೂ ಒಂದೇ ಹೆಸರು: ಜಿಯಾರ್ಡಿಯಾ.

ಊರಿಂದ ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು. "ಮಗು ಇರೋ ಮನೇಲಿ ನಾಯಿ ಬೇಡ ಅಂತ ಅವತ್ತೇ ಹೇಳಿದ್ನಲ್ಲೋ. ತಂದು ಇಲ್ಲಿ ಬಿಡು, ತೋಟ ಕಾಯ್ಕೊಂಡಿರುತ್ತೆ." ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಅದೇ ಮಾತು, ಮರಾಠಿಯಲ್ಲಿ. ಮಗಳು ಕರಿಯನ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು.

ಬಗ್ ಯಾರದೆಂದು ಹೇಳುವ ಮೊದಲು ಲಾಗ್ ನೋಡುವುದು ನಮ್ಮ ಕಸುಬಿನ ಅಭ್ಯಾಸ. ರಾತ್ರಿ ಓದಲು ಕುಳಿತೆ.

ಜಿಯಾರ್ಡಿಯಾ ಸಣ್ಣಕರುಳಿನಲ್ಲಿ ಬದುಕುವ ಏಕಕೋಶ ಪರಾವಲಂಬಿ. 1681ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಲೀವೆನ್‌ಹುಕ್ ತನಗೆ ಭೇದಿಯಾದಾಗ ತನ್ನದೇ ಮಲವನ್ನು ಮಸೂರದಡಿ ಇಟ್ಟು ಇದನ್ನು ಕಂಡ. ಎರಡು ಕೋಶಕೇಂದ್ರಗಳು ಕಣ್ಣುಗಳಂತಿದ್ದು, ನಮ್ಮನ್ನೇ ನೋಡುವ ಮುಖದ ಹಾಗೆ ಕಾಣುತ್ತದೆ. ಮನುಷ್ಯನಿಂದ ಬಂದದ್ದೋ ನಾಯಿಯಿಂದ ಬಂದದ್ದೋ, ಮೈಕ್ರೋಸ್ಕೋಪಿನಲ್ಲಿ ಎಲ್ಲ ಒಂದೇ.

ಡಿಎನ್‌ಎ ಓದಿದರೆ ಕಥೆಯೇ ಬೇರೆ. ಎ ಇಂದ ಎಚ್ ತನಕ ಎಂಟು ಗುಂಪುಗಳಿವೆ. ಸಿ ಮತ್ತು ಡಿ ನಾಯಿಗಳವು. ಇ ದನ, ಕುರಿ, ಆಡು, ಹಂದಿಗಳದ್ದು. ಎಫ್ ಬೆಕ್ಕಿನದು, ಜಿ ಇಲಿಯದು, ಎಚ್ ಕಡಲ ಸೀಲ್‌ಗಳದ್ದು. ಮನುಷ್ಯರಲ್ಲಿ ಸಿಗುವುದು ಬಹುಪಾಲು ಎ ಮತ್ತು ಬಿ. ಈ ಎರಡರ ನಡುವೆಯೇ ಪ್ರೋಟೀನು ಮಾಡುವ ಭಾಗದ ಡಿಎನ್‌ಎ ಹೊಂದುವುದು ಸುಮಾರು 77% ಮಾತ್ರ. ಲಾಗಿನ್ ಸ್ಕ್ರೀನ್ ಒಂದೇ, ಹಿಂದಿನ ಕೋಡ್ ಬೇರೆ ಬೇರೆ.

ಹಾಗಾದರೆ ಕರಿಯ ನಿರಪರಾಧಿಯೇ? ಅಷ್ಟು ಸುಲಭವಲ್ಲ. ಎ ಮತ್ತು ಬಿ ನಾಯಿ, ಬೆಕ್ಕು, ದನಗಳಿಗೂ ಹತ್ತುತ್ತವೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಕಡೆ ವಾಸಿಸುವ ಜನರಲ್ಲೂ ನಾಯಿಗಳಲ್ಲೂ ಒಂದೇ ತಳಿ ಸಿಕ್ಕಿತ್ತು. ಅಂಥ ಕಡೆ ನಾಯಿಯಿಂದ ಮನುಷ್ಯನಿಗೆ ಬಂದಿರಬಹುದು, ಮನುಷ್ಯನಿಂದ ನಾಯಿಗೂ ಹೋಗಿರಬಹುದು.

ಮರುದಿನ ಡಾಕ್ಟರನ್ನು ಕೇಳಿದೆ. ತಳಿ ಪರೀಕ್ಷೆ ಸಂಶೋಧನೆಯವರ ಕೆಲಸ, ಮಾಮೂಲಿ ಲ್ಯಾಬಿನಲ್ಲಿ ಮಾಡುವುದಿಲ್ಲ, ಮೊದಲು ನಿಮ್ಮ ನೀರು ನೋಡಿ ಎಂದರು. ಅವರ ಮಾತು ಸರಿ. ಈ ಜೀವಿ ಮಲದೊಂದಿಗೆ ಗಟ್ಟಿ ಕವಚದ ಸಿಸ್ಟ್ ಆಗಿ ಹೊರಬರುತ್ತದೆ. ಹತ್ತು ಸಿಸ್ಟ್ ಹೊಟ್ಟೆಗೆ ಹೋದರೂ ಸೋಂಕು ಬರಬಹುದು. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಮಾಮೂಲಿ ಕ್ಲೋರಿನ್‌ಗೂ ಜಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ.

ಸೊಸೈಟಿ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ನೆಲದಡಿಯ ಟ್ಯಾಂಕ್ ಕೊನೆಗೆ ತೊಳೆಸಿದ್ದು ಯಾವಾಗ? ಯಾರಿಗೂ ನೆನಪಿರಲಿಲ್ಲ. ಮುಂದಿನ ಭಾನುವಾರ ತೊಳೆಸಿದರು.

ಮನೆಯಲ್ಲಿ ನೀರು ಕುದಿಸಿದೆವು, ವಾಕಿಂಗಿಗೆ ಹೋದಾಗ ಕರಿಯನ ಮಲ ಅಲ್ಲೇ ಬಿಡದೆ ಎತ್ತಿದೆವು, ಅವನಿಗೆ ಸ್ನಾನ, ಮಗಳಿಗೆ ಊಟಕ್ಕೆ ಮುಂಚೆ ಸೋಪಿನ ಕೈತೊಳೆತ. ಇಬ್ಬರಿಗೂ ಔಷಧಿ ಕೊಡಿಸಿದೆವು, ಇಬ್ಬರೂ ಚೇತರಿಸಿಕೊಂಡರು. ಯಾರಿಂದ ಯಾರಿಗೆ ಬಂತೋ, ಇಬ್ಬರಿಗೂ ನೀರಿನಿಂದಲೇ ಬಂತೋ, ಗೊತ್ತಾಗಲೇ ಇಲ್ಲ. ಗೊತ್ತಿಲ್ಲದ ತಪ್ಪಿಗೆ ಮನೆಯವನೊಬ್ಬನನ್ನು ಊರಿಗೆ ಅಟ್ಟಲಿಲ್ಲವೆಂಬುದೇ ಸಮಾಧಾನ.

ಮೊನ್ನೆ ಅಮ್ಮ ಫೋನ್ ಮಾಡಿದಾಗ ಮೊಮ್ಮಗಳನ್ನು ವಿಚಾರಿಸಿದ ಮೇಲೆ ಮೆಲ್ಲಗೆ ಕೇಳಿದರು: "ಆ ಕರಿಯ ಊಟ ಮಾಡ್ತಿದಾನೇನೋ ಸರಿಯಾಗಿ?"